ನಿನ್ನ ಟ್ಯಾಬಿನಲ್ಲಿ ನನ್ನ ಚಿತ್ರಗಳು

ಕೊಪ್ಪ
೨೨ ಫೆಬ್ರವರಿ ೨೦೨೬, ಭಾನುವಾರ

ಮಗಳೇ ರಕ್ಷಾ,

ಈ ಕಾಗದ ಕೈಗೆ ಬರುವಾಗ ನೀನು ಡ್ಯೂಟಿ ಮುಗಿಸಿ, ಉಂಡು, ಕಾಲು ಚಾಚಿ ಕೂತಿರಲಿ ಎಂದು ಬಯಸುತ್ತೇನೆ. ಹಸಿದಿದ್ದರೆ ಮೊದಲು ಊಟ ಮಾಡು, ಆಮೇಲೆ ಓದು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮೊಣಕೈ ನೋವು ಕಡಿಮೆಯಾಗಿದೆ. ಬೇಸಿಗೆ ಹತ್ತಿರ ಬಂತಲ್ಲ, ಅಂಗಡಿಗೆ ರಿಪೇರಿಗೆ ಬರುವ ಫ್ಯಾನುಗಳೇ ಜಾಸ್ತಿ. ಮಿಕ್ಸಿಗಳು ಮೂಲೆಯಲ್ಲಿ ಸಾಲು ನಿಂತಿವೆ.

ನೀನು ಕೇಳಿದ ಬಿಳಿ ಸಾಕ್ಸು ಮತ್ತು ಹುಣಸೆ ತೊಕ್ಕು ಕಳಿಸುವುದು ತಿಂಗಳು ತಡವಾಯಿತು. ತೊಕ್ಕು ಸಂಕ್ರಾಂತಿಗೇ ತಯಾರಾಗಿತ್ತು. ಪಾರ್ಸಲ್ ಜೊತೆ ಈ ಕಾಗದವನ್ನೂ ಇಡಬೇಕು ಅಂದುಕೊಂಡು, ಕಾಗದ ಆಗದೆ ತೊಕ್ಕೂ ಇಲ್ಲೇ ಉಳಿಯಿತು. ದಿನಾ ಫೋನಿನಲ್ಲಿ ಮಾತಾಡುವವಳಿಗೆ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಾನು ಏನೋ ಹೇಳಲು ಹೊರಡುತ್ತೇನೆ, ಬಾಯಿ ಬಿಟ್ಟರೆ ಬರುವುದು "ಊಟ ಆಯ್ತಾ?" ಎಂಬ ಮಾತು. ನೀನು "ಆಯ್ತಮ್ಮ" ಅನ್ನುತ್ತೀಯ. ಅಲ್ಲಿಗೆ ಮುಗಿಯಿತು.

ನೇರವಾಗಿ ಹೇಳುತ್ತೇನೆ. ನಿನ್ನ ಟ್ಯಾಬ್ ಕೆಟ್ಟಿಲ್ಲ. ದೀಪಾವಳಿಗೆ ಬಂದಾಗ ನೀನು ಬೀರುವಿನ ಮೇಲೆ ಕೈಯಾಡಿಸಿ "ಅಮ್ಮಾ, ಟ್ಯಾಬ್ ಇಲ್ಲಿಟ್ಟಿದ್ನಲ್ಲ" ಎಂದು ಕೇಳಿದೆ. "ತೆಗೆದಿಟ್ಟಿದೀನಿ, ಅದು ಯಾಕೋ ಚಾರ್ಜೇ ಆಗ್ತಿಲ್ಲ" ಅಂದೆ ನಾನು. "ಇರ್ಲಿ ಬಿಡು, ನಂಗಿನ್ನು ಅದೆಂತಕ್ಕೆ" ಎಂದು ನೀನು ಸ್ನಾನಕ್ಕೆ ಹೋದೆ. ಆಗ ಅದು ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಬುಟ್ಟಿಯಲ್ಲಿ, ಬ್ಲೌಸ್ ಪೀಸುಗಳ ಅಡಿಯಲ್ಲಿ ಇತ್ತು. ಪೂರಾ ಚಾರ್ಜ್ ಆಗಿತ್ತು. ಅದನ್ನು ನಾನು ಬಳಸುತ್ತಿದ್ದೇನೆ, ರಕ್ಷಾ. ಸೆಪ್ಟೆಂಬರಿನಿಂದ, ಹೆಚ್ಚು ಕಡಿಮೆ ಪ್ರತಿದಿನ.

ಶುರುವಾದದ್ದು ಪಿತೃಪಕ್ಷದಲ್ಲಿ. ಆ ಹದಿನೈದು ದಿನ ಯಾರೂ ಹೊಸ ಬಟ್ಟೆ ಹೊಲಿಸಲು ಬರುವುದಿಲ್ಲ. ಹಳೆಯ ಲೇಸಿನ ಡಬ್ಬಿ ಹುಡುಕಲು ಬೀರುವಿನ ಮೇಲೆ ಕೈ ಹಾಕಿದೆ. ಟ್ಯಾಬ್ ಸಿಕ್ಕಿತು. ನರಸಿಂಹರಾಜಪುರದ ಮಾವ ನಿನಗೆ ಕೊಡಿಸಿದ್ದು, ಪೆನ್ನು ಅದರ ಬದಿಗೆ ಅಂಟಿಕೊಂಡೇ ಇತ್ತು. ನೀನು ಹಾಸ್ಟೆಲಿಗೆ ಹೊರಡುವ ದಿನ ಅದನ್ನು ಹಳೇ ದುಪಟ್ಟಾದಲ್ಲಿ ಸುತ್ತಿ ಮೇಲೆ ಹಾಕಿದ್ದನ್ನು ನಾನು ನೋಡಿದ್ದೆ, ನೋಡದವಳ ಹಾಗೆ ಚಪಾತಿ ಕಟ್ಟುತ್ತಿದ್ದೆ. ಧೂಳು ಒರೆಸಿ ಇಡೋಣ ಎಂದು ಬಿಚ್ಚಿದೆ. ಅದರ ಬೀಗ ತೆಗೆಯುವ ಗೆರೆ ನನಗೆ ಗೊತ್ತಿತ್ತು. ನೀನು ಎಳೆಯುವುದನ್ನು ಎಷ್ಟು ಸಲ ನೋಡಿಲ್ಲ!

ಒಳಗೆ ನಿನ್ನ ಚಿತ್ರಗಳಿದ್ದವು. ಇನ್ನೂರ ಹನ್ನೆರಡು. ನೀನು ತೋರಿಸಿದ್ದು ಅದರಲ್ಲಿ ಹತ್ತೋ ಹದಿನೈದೋ ಇರಬೇಕು, ಅದೂ ನಾನು ಗುಂಡಿ ಹಾಕುತ್ತಾ "ಚೆನ್ನಾಗಿದೆ, ಚೆನ್ನಾಗಿದೆ" ಅಂದದ್ದು. ಆ ದಿನ ಒಂದೊಂದನ್ನೇ ನೋಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ರಿಪೇರಿ ಮಾಡುವವರು. ಪಕ್ಕದ ಮನೆ ಅಂಜುಮ್ ಮೆಹೆಂದಿ ಹಾಕುವಾಗ ನಾಲಿಗೆ ಹೊರಗೆ ಚಾಚುವುದು. ಆಮೇಲೆ ನಾನು. ಹಿಂದಿನಿಂದ. ಮಿಷನ್ನಿನ ಮುಂದೆ ಬಗ್ಗಿ ಕೂತಿದ್ದೇನೆ, ಕುತ್ತಿಗೆಯಲ್ಲಿ ಟೇಪು, ಬ್ಲೌಸಿನ ಬೆನ್ನಿಗೆ ಸಿಕ್ಕಿಸಿಕೊಂಡ ಎರಡು ಪಿನ್ನು. ನನ್ನ ಬೆನ್ನು ಹಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಯಾರದೋ ದಣಿದ ಬೆನ್ನು ಎಂದು ಮರುಕ ಬಂತು, ಆಮೇಲೆ ನಕ್ಕೆ. ಕೊನೆಯ ಚಿತ್ರದ ತಾರೀಕು ಜೂನ್ ಇಪ್ಪತ್ತೆಂಟು. ಮೈಸೂರಿನ ಕಲಾ ಕಾಲೇಜಿನ ಪಟ್ಟಿ ಬಂದು ಅದರಲ್ಲಿ ನಿನ್ನ ಹೆಸರು ಇಲ್ಲದೇ ಹೋದದ್ದು ಇಪ್ಪತ್ತೊಂಬತ್ತಕ್ಕೆ.

ಮಾರನೇ ದಿನ ಮತ್ತೆ ತೆಗೆದೆ. ಈ ಸಲ ನನ್ನದೇ ಒಂದು ಕೆಲಸ ಇತ್ತು. ಒಬ್ಬರು ಬ್ಲೌಸಿನ ಬೆನ್ನಿಗೆ ನವಿಲುಗರಿಯ ಹಾಗೆ ಕಟ್ ಬೇಕು ಅಂದಿದ್ದರು. ಕಾಗದದ ಮೇಲೆ ಬರೆದರೆ ಸರಿ ಬರುತ್ತಿರಲಿಲ್ಲ. ಇದರಲ್ಲಿ ನೋಡೋಣ ಎಂದು ಪೆನ್ನು ಹಿಡಿದರೆ ಎಲ್ಲಿ ಮುಟ್ಟಿದರೂ ಏನೇನೋ ತೆರೆದುಕೊಳ್ಳುತ್ತದೆ. ಅಂಜುಮ್‌ಳನ್ನು ಕರೆದೆ. ನಿನಗೆ ಹೇಳಬಾರದು ಎಂದು ಅವಳ ಹತ್ತಿರ ಭಾಷೆ ತೆಗೆದುಕೊಂಡೆ, ಅವಳ ಮೇಲೆ ಸಿಟ್ಟಾಗಬೇಡ.

"ಆಂಟಿ, ಅಷ್ಟು ಒತ್ತಬೇಡಿ. ಅದು ಪೆನ್ನು, ದಬ್ಬಣ ಅಲ್ಲ" ಅಂದಳು.

ಲೇಯರ್ ಅಂದರೆ ಏನೆಂದು ಅವಳು ಮೂರು ಸಲ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಆಮೇಲೆ ನಾನೇ ಅಂದೆ, "ಬ್ಲೌಸಿಗೆ ಲೈನಿಂಗ್ ಕೊಟ್ಟ ಹಾಗೆ ಅನ್ನು. ಒಳಗಿನ ಬಟ್ಟೆ ಬೇರೆ, ಮೇಲಿನದ್ದು ಬೇರೆ. ಒಂದನ್ನ ಬಿಚ್ಚಿದ್ರೆ ಇನ್ನೊಂದಕ್ಕೆ ಎಂತ ಆಗಲ್ಲ."

"ಹಾ, ಅದೇ! ಇಷ್ಟು ಚೆನ್ನಾಗಿ ಯೂಟ್ಯೂಬಿನವರೂ ಹೇಳಲ್ಲ" ಎಂದು ಅವಳು ಕುಣಿದಳು.

ತಪ್ಪು ಗೆರೆ ಎಳೆದರೆ ಎರಡು ಬೆರಳಿನಿಂದ ತಟ್ಟಿದರೆ ಸಾಕು, ಮಾಯ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳು ನಾನು. ಬೇರೆಯವರ ರೇಷ್ಮೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಈಗಲೂ ಉಸಿರು ಹಿಡಿಯುತ್ತೇನೆ. ಆ ಮಧ್ಯಾಹ್ನ ಪೂರ್ತಿ ಬರೀ ಗೆರೆ ಎಳೆಯುವುದು, ತಟ್ಟುವುದು, ಎಳೆಯುವುದು, ತಟ್ಟುವುದು. ಮಗು ನೀರಿನಲ್ಲಿ ಕೈ ಬಡಿದ ಹಾಗೆ.

ನವಿಲುಗರಿ ಆಯಿತು. ಬ್ಲೌಸೂ ಆಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಡುಗೆಮನೆ ಕಟ್ಟೆಯ ಮೇಲಿದ್ದ ಕೊತ್ತಂಬರಿ ಕಟ್ಟನ್ನು ಬರೆದೆ. ಹಸಿರು ಒಂದೇ ಬಣ್ಣ ಅಲ್ಲ ಎಂದು ನನಗೆ ಗೊತ್ತಿತ್ತು. ಬ್ಲೌಸ್ ಪೀಸು ಹಿಡಿದು ದಾರದ ಅಂಗಡಿಯಲ್ಲಿ ಹದಿನೆಂಟು ಹಸಿರು ದಾರದ ಉಂಡೆ ತೆಗೆಸಿ, ಬೆಳಕಿಗೆ ಬಂದು ಹೋಲಿಸಿ ನೋಡುವವಳಲ್ಲವೇ ನಾನು? ಆ ಕಣ್ಣಿಗೆ ಹೊಲಿಗೆ ಬಿಟ್ಟು ಬೇರೆ ಕೆಲಸವೂ ಇದೆ ಎಂದು ಮಾತ್ರ ಗೊತ್ತಿರಲಿಲ್ಲ. ಎಲೆಯ ಹಸಿರು, ಕಾಂಡದ ಹಸಿರು, ಬೇರಿನ ಹತ್ತಿರ ಬೆಳ್ಳಗಾಗುತ್ತಾ ಬರುವ ಹಸಿರು. ಕಟ್ಟಿದ ಬಾಳೆನಾರು ಬರೆಯುವಾಗ ತಲೆ ಎತ್ತಿದರೆ ನಾಲ್ಕು ಗಂಟೆ. ಕುಕ್ಕರ್ ಎಷ್ಟು ಸೀಟಿ ಹಾಕಿತು ಎಂದು ಲೆಕ್ಕ ಇಡದ ಎರಡು ಗಂಟೆ ನನ್ನ ಸಂಸಾರದಲ್ಲಿ ಅದಕ್ಕೆ ಮೊದಲು ಇರಲೇ ಇಲ್ಲ. ಬೇಳೆ ತಳ ಹಿಡಿದಿತ್ತು. ಅಪ್ಪನಿಗೆ ಆ ದಿನ ರಾತ್ರಿ ಮಜ್ಜಿಗೆ, ಉಪ್ಪಿನಕಾಯಿ.

ಅವತ್ತಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕು ನನ್ನದಾಯಿತು. ಅಪ್ಪ ಊಟ ಮುಗಿಸಿ ಅಂಗಡಿಗೆ ಹೋದ ಮೇಲೆ ಬಾಗಿಲು ಹಾಕಿ, ಕಿಟಕಿಯ ಕೆಳಗೆ ಚಾಪೆ ಹಾಸಿ, ಗೋಡೆಗೆ ಒರಗಿ ಮಡಿಲಲ್ಲಿ ದಿಂಬು ಇಟ್ಟುಕೊಂಡು ಕೂರುತ್ತೇನೆ. ನೀನು ಕೂರುತ್ತಿದ್ದ ಜಾಗವೇ. ಅಲ್ಲಿ ಬೆಳಕು ಎಡಗಡೆಯಿಂದ ಬರುತ್ತದೆ, ಕೈಯ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ. ನೀನು ಅಲ್ಲೇ ಯಾಕೆ ಕೂರುತ್ತಿದ್ದೆ ಎಂದು ಅಲ್ಲಿ ಕೂತ ಮೇಲೆ ತಿಳಿಯಿತು. ಅಕ್ಟೋಬರಿನಲ್ಲಿ ಒಂದು ದಿನ ಗ್ಯಾಸಿನವರು ಬಂದು ಮೂರು ಸಲ ಬೆಲ್ ಮಾಡಿ ವಾಪಸ್ ಹೋದರಂತೆ. ನನಗೆ ಕೇಳಲೇ ಇಲ್ಲ. ಎಷ್ಟು ಸಲ ನಾನು ಒಳಗಿನಿಂದ ಕೂಗಿ ಕೂಗಿ, ಬಂದು ನಿನ್ನ ಭುಜ ಅಲುಗಿಸಿ "ಕಿವಿ ಕೇಳಲ್ವನೇ ನಿಂಗೆ?" ಎಂದು ಬೈದಿಲ್ಲ? ಬೇಕೆಂದೇ ಕೇಳಿಸದ ಹಾಗೆ ಮಾಡುತ್ತೀಯ ಎಂದು ಖಚಿತವಾಗಿ ನಂಬಿದ್ದೆ.

ಇಷ್ಟು ಬರೆಯುವಾಗ ಗಿರಾಕಿ ಬಂದರು. ಮಗಳ ಮದುವೆಗೆ ಏಳು ಬ್ಲೌಸು. ಅಳತೆ ತೆಗೆದುಕೊಂಡು ಈಗ ಮತ್ತೆ ಕೂತಿದ್ದೇನೆ. ಎಲ್ಲಿಗೆ ಬಂದೆ?

ನವೆಂಬರಿನಲ್ಲಿ ನರಸಿಂಹರಾಜಪುರಕ್ಕೆ ತವರಿಗೆ ಹೋದಾಗ ಟ್ಯಾಬನ್ನು ಸೀರೆಯೊಳಗೆ ಸುತ್ತಿ ಒಯ್ದೆ. ಭದ್ರೆಯ ಹಿನ್ನೀರು ಸಂಜೆ ಹೊತ್ತಿಗೆ ತವರದ ತಗಡಿನ ಹಾಗೆ ಕಾಣುತ್ತದಲ್ಲ, ಅದನ್ನು ಬರೆಯಲು ನೋಡಿದೆ, ಸೋತೆ. ಡಿಸೆಂಬರಿನಲ್ಲಿ ಶೃಂಗೇರಿಗೆ ಹೋದವಳು ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನು ಬರೆದೆ. ಅವು ಒಂದು ಕಡೆ ನಿಲ್ಲುವುದಿಲ್ಲ, ಮಂಡಕ್ಕಿ ಬಿದ್ದ ಕಡೆ ಎಲ್ಲ ಒಂದರ ಮೇಲೊಂದು ಹಾಯುತ್ತವೆ. ಎರಡು ಗಂಟೆ ಕೂತು ಬರೀ ಬೆನ್ನುಗಳನ್ನೇ ಬರೆದೆ, ಕಪ್ಪು ಬೆನ್ನು, ಕಂದು ಬೆನ್ನು. ಅಪ್ಪನಿಗೆ ಫೋನಿನಲ್ಲಿ "ತುಂಬಾ ರಶ್ಶು, ದರ್ಶನ ತಡವಾಯ್ತು" ಅಂದೆ. ಶಾರದೆಯ ಊರಿನಲ್ಲಿ ಕೂತು ಸುಳ್ಳು ಹೇಳಿದೆ ನೋಡು. ದರ್ಶನಕ್ಕೆ ಹೋಗಿಯೇ ಇರಲಿಲ್ಲ.

ಅಪ್ಪನಿಗೆ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ. ಹೊಸ ವರ್ಷದ ವಾರ ಅವರು ಅಂಗಡಿಯಿಂದ ಬರುವಾಗ ಒಂದು ಸಣ್ಣ ಪೊಟ್ಟಣ ತಂದು ಮಿಷನ್ನಿನ ಮೇಲೆ ಇಟ್ಟರು. "ಆ ಚಾರ್ಜರಿನ ವಯರು ಬುಡದಲ್ಲಿ ಹರ್ದಿದೆ. ಶಾಕ್ ಹೊಡ್ಸ್ಕೊಬೇಡ" ಅಂದರು.  "ನಿಮ್ಗೆ ಯಾವಾಗ ಗೊತ್ತಾಯ್ತು?" ಅಂದರೆ, "ಸುಟ್ಟ ಬೇಳೆ ದಿನ" ಎಂದು ಕೈಕಾಲು ತೊಳೆಯಲು ಹೋದರು. ನಿನ್ನ ಅಪ್ಪನ ವಿಷಯ ಗೊತ್ತಲ್ಲ, ಮೋಟಾರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅನ್ನುವವರು.

ಇನ್ನು ಜನವರಿಯ ವಿಷಯ. ಇದನ್ನು ಹೇಗೆ ಬರೆಯಲಿ ಎಂದೇ ತಿಂಗಳು ಕಳೆದದ್ದು. ಮಹಿಳಾ ಸಂಘದ ವಸಂತಮ್ಮ ವಸ್ತುಪ್ರದರ್ಶನ ಇಟ್ಟಿದ್ದರು. ಉಪ್ಪಿನಕಾಯಿ, ಹಪ್ಪಳ, ಕಸೂತಿ ಎಲ್ಲ ಇತ್ತು. ಅಂಜುಮ್ ನನ್ನನ್ನು ಕೇಳದೆ ನನ್ನ ಒಂದು ಚಿತ್ರವನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಅಲ್ಲಿ ತೂಗುಹಾಕಿದಳು. ಅವಳ ಅಮ್ಮ ಗುಲ್ಜಾರ್ ಬೇಗಂ ಮೆಟ್ಟಿಲ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಸೂಜಿಗೆ ದಾರ ಪೋಣಿಸುತ್ತಿರುವ ಚಿತ್ರ. ಗುಲ್ಜಾರಮ್ಮ ಅದರ ಮುಂದೆ ಐದು ನಿಮಿಷ ನಿಂತು, "ಎಂತ ಯಮುನಕ್ಕ, ನನ್ನ ಮೂಗು ನಿಜವಾಗ್ಲೂ ಇಷ್ಟು ದೊಡ್ಡದಾ?" ಅಂದರು. ಆಮೇಲೆ ಬಂದವರಿಗೆಲ್ಲ ಕೈ ಹಿಡಿದು ಕರೆತಂದು ತೋರಿಸಿದವರೂ ಅವರೇ. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಮೈಯೆಲ್ಲ ಬೆಚ್ಚಗಾಗುವ ಸಂತೋಷ.

ಮಧ್ಯಾಹ್ನದ ಹೊತ್ತಿಗೆ ನಿನ್ನ ಡ್ರಾಯಿಂಗ್ ಮೇಷ್ಟ್ರು ಬಂದರು. ಯಜ್ಞೇಶ ಮೇಷ್ಟ್ರು. ನಿನಗೆ ಎಂಟನೇ ಕ್ಲಾಸಿನಿಂದ ಕಲಿಸಿದವರು, ಕಲಾ ಕಾಲೇಜಿನ ಅರ್ಜಿ ತುಂಬಿಸಿದವರು. ಚಿತ್ರದ ಮುಂದೆ ನಿಂತರು. ಹತ್ತಿರ ಹೋದರು, ದೂರ ಬಂದರು.

"ರಕ್ಷಾ ಮಾಡಿದ್ದಲ್ಲ ಇದು" ಅಂದರು. "ಅವಳ ಕೈ ಇನ್ನೂ ಹಗುರ."

"ನಾನೇ ಸರ್, ಸುಮ್ನೆ..." ಅಂದೆ.

ಅವರು ನನ್ನನ್ನು ನೋಡಿದರು. "ಒಳ್ಳೇದಾಯ್ತು. ಭಾಳ ಒಳ್ಳೇದು. ಅವಳು?"

"ಮಂಗಳೂರಲ್ಲಿ ನರ್ಸಿಂಗ್ ಓದ್ತಿದಾಳೆ."

"ಅದು ಗೊತ್ತು. ಚಿತ್ರ ಮಾಡ್ತಾಳಾ?"

ನಾನು ಇಲ್ಲ ಅಂದೆ. ಮೇಷ್ಟ್ರು ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. "ತಪ್ಪು ನಂದೇ ಯಮುನಮ್ಮ. ಪೆನ್ಸಿಲಿಂದು ಬೇಡ, ಟ್ಯಾಬಲ್ಲಿ ಮಾಡಿದ್ದೇ ಕಳಿಸು ಅಂತ ನಾನೇ ಹೇಳ್ದೆ. ನೋಡಿದವರಿಗೆ ಹಿಡಿಸ್ಲಿಲ್ಲ ಅಂತ ಕಾಣುತ್ತೆ. ಅವಳಿಗೆ ಸಿಗದಿದ್ರೆ ಇನ್ಯಾರಿಗೆ ಸಿಗುತ್ತೆ? ಈ ಸಲ ಇಬ್ರು ಮಕ್ಕಳು ಬಂದು ಕೇಳಿದ್ರು, ಆ ಕಾಲೇಜಿಗೆ ಹಾಕ್ಲಾ ಸರ್ ಅಂತ. ಬೇಡ ಮಾರಾಯ್ರೆ, ಬೇರೆ ಎಂತಾದ್ರೂ ಓದಿ ಅಂದುಬಿಟ್ಟೆ. ಇನ್ನೊಂದು ಮಗು ಮನಸ್ಸು ಮುರ್ಕೊಳೋದು ನೋಡಕ್ಕೆ ನಂಗಾಗಲ್ಲ."

 ಅವರಿಗೆ ಕಾಫಿ ತಂದುಕೊಟ್ಟೆ.  ಅದನ್ನು ಕುಡಿದು, ಲೋಟ ಕೆಳಗಿಟ್ಟು, ನನಗೆ ನಮಸ್ಕಾರ ಮಾಡಿ ಹೋದರು.

ಆ ಸಂಜೆ ಅಂಜುಮ್ ಇನ್ನೊಂದು ಹೇಳಿದಳು. ನಿಮ್ಮ ಹಾಸ್ಟೆಲಿನ ಊಟದ ಹಾಲಿನ ಗೋಡೆಗೆ ಏನಾದರೂ ಚಿತ್ರ ಬರೆದುಕೊಡು ಎಂದು ಹುಡುಗಿಯರು ಕೇಳಿದಾಗ ನೀನು "ನಂಗೆ ಡ್ರಾಯಿಂಗ್ ಬರಲ್ಲ" ಅಂದೆಯಂತೆ. ಬರಲ್ಲ ಅಂದೆಯಾ, ರಕ್ಷಾ? ಮನಸ್ಸಿಲ್ಲ, ಪುರುಸೊತ್ತಿಲ್ಲ ಎಂದಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ.

ಆಮೇಲೆ ಹತ್ತು ದಿನ ಟ್ಯಾಬ್ ಮುಟ್ಟಲಿಲ್ಲ. ಹನ್ನೊಂದನೇ ದಿನ ಮುಟ್ಟಿದೆ. ಅದನ್ನೂ ಬರೆಯುತ್ತಿದ್ದೇನೆ. ಅದು ನಿನ್ನದು ಎಂದು ಗೊತ್ತಿದ್ದೂ, ನೀನು ಕೈಬಿಟ್ಟದ್ದನ್ನು ನಾನು ಹಿಡಿದುಕೊಂಡು ಕೂತಿದ್ದೇನೆ ಎಂದು ಗೊತ್ತಿದ್ದೂ, ಮಧ್ಯಾಹ್ನ ಎರಡಾದರೆ ಕೈ ತಾನಾಗಿ ಆ ಬುಟ್ಟಿಗೆ ಹೋಗುತ್ತದೆ. ಗೆರೆ ಸರಿಯಾಗಿ ಬಿದ್ದ ಗಳಿಗೆಯಲ್ಲಿ ಆಗುವ ಖುಷಿ ಎದೆಯಲ್ಲಿ ನಿಲ್ಲುವ ಮೊದಲೇ ನಿನ್ನ ಮುಖ ಬರುತ್ತದೆ. ಕದ್ದು ತಿಂದ ಬೆಲ್ಲ ಸಿಹಿಯಾಗಿರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಸಿಹಿಯಾಗಿಯೇ ಇರುತ್ತದೆ. ಕಷ್ಟ ಅದೇ.

ನಿನ್ನದನ್ನು ಕೇಳದೆ ತೆಗೆದುಕೊಂಡೆ, ಕೇಳಿದಾಗ ಸುಳ್ಳು ಹೇಳಿದೆ. ಕ್ಷಮಿಸು. ಬಿಸಿಲಲ್ಲಿ ಓಡಾಡುವಾಗ ನೀರಿನ ಬಾಟಲಿ ಮರೆಯಬೇಡ. ತೊಕ್ಕಿಗೆ ಒದ್ದೆ ಚಮಚ ಹಾಕಬೇಡ. ನಿನ್ನ ಕೈಯಿಂದ ಸೂಜಿ ಚುಚ್ಚಿಸಿಕೊಂಡವರಿಗೆ ನೋವಾಗದಿರಲಿ, ಆ ಕೈಗೆ ಒಳ್ಳೆಯದಾಗಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಮ್ಮ

ಮರೆತ ಮಾತು:

ಮರೆತದ್ದಲ್ಲ. ಮೇಲೆ ಸಹಿ ಹಾಕಿ, ಕಾಗದ ಮಡಚಿ ಕವರಿಗೆ ಹಾಕಿದ್ದೆ. ಅಪ್ಪ ಹೊರಗಿನಿಂದ ಬಂದವರು "ಬರ್ದ್ಯನೇ?" ಅಂದರು. "ಬರ್ದೆ" ಅಂದೆ. "ಅದನ್ನೂ?" ಎಂದು ಕೇಳಿದರು. ನಾನು ಕವರಿನ ಬಾಯಿ ಅಂಟಿಸಲು ಹೋದೆ. ಅವರು ಕವರನ್ನು ನನ್ನ ಮುಂದೆಯೇ ಇಟ್ಟು ಕಟ್ಟೆಗೆ ಹೋಗಿ ಕೂತಿದ್ದಾರೆ. ಒಳಗೆ ಬರುತ್ತಿಲ್ಲ.

ರಕ್ಷಾ, ನಿನಗೆ ಸೀಟು ಸಿಕ್ಕಿತ್ತು.

ಹೋದ ಜುಲೈ ಇಪ್ಪತ್ತಾರು, ಶನಿವಾರ. ನೀನು ಮಂಗಳೂರಿಗೆ ಹೊರಡಲು ಒಂಬತ್ತು ದಿನ ಇತ್ತು. ನಾನು ನಿನ್ನ ಬಿಳಿ ಯೂನಿಫಾರಮ್ಮಿಗೆ ಕಾಲರ್ ಕೂರಿಸುತ್ತಿದ್ದೆ. ಮಳೆ ಸ್ವಲ್ಪ ಹೊಳವಾಗಿತ್ತು ಎಂದು ನೀನು ಬಟ್ಟೆ ಹರವಲು ಟೆರೇಸಿಗೆ ಹೋಗಿದ್ದೆ. ಫೋನ್ ಬಂತು. ಅರ್ಜಿಯಲ್ಲಿ ಪೋಷಕರ ನಂಬರ್ ಎಂದು ನೀನು ನನ್ನದನ್ನೇ ಕೊಟ್ಟಿದ್ದೆಯಲ್ಲ. ಮೈಸೂರಿನ ಕಾಲೇಜಿನ ಆಫೀಸಿನಿಂದ ಒಬ್ಬ ಹೆಂಗಸು ಮಾತಾಡಿದರು. ಯಾರೋ ಒಬ್ಬರು ಸೀಟು ಬಿಟ್ಟಿದ್ದಾರೆ, ಕಾಯುವವರಲ್ಲಿ ನಿಮ್ಮ ಮಗಳದ್ದೇ ಮೊದಲ ಹೆಸರು, ಬುಧವಾರದೊಳಗೆ ಬಂದು ಸೇರಬೇಕು ಅಂದರು. ಹಾಗೆ ಕಾಯುವ ಪಟ್ಟಿ ಒಂದಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾನು "ಅವ್ಳು ಬೇರೆ ಕಡೆ ಸೇರಿ ಆಗಿದೆ, ಬೇಡ" ಅಂದೆ.

ಅವರು ಒಳ್ಳೆಯವರು. "ಒಂದ್ಸಲ ಅವ್ರನ್ನೇ ಕೇಳಿ ಹೇಳ್ತೀರಾ ಅಮ್ಮಾ? ಚಿತ್ರ ತುಂಬಾ ಚೆನ್ನಾಗಿತ್ತು ಅಂತ ಎಲ್ರೂ ಹೇಳಿದ್ರು" ಅಂದರು.

"ಕೇಳೋದೆಂತ ಇಲ್ಲ" ಎಂದು ಇಟ್ಟುಬಿಟ್ಟೆ.

ನೀನು ಟೆರೇಸಿನ ಮೇಲೇ ಇದ್ದೆ. ಕೂಗಿದ್ದರೆ ಕೇಳುತ್ತಿತ್ತು. ಖಾಲಿ ಬಕೆಟ್ ಹಿಡಿದು ಇಳಿದು ಬಂದು "ಯಾರದ್ದಮ್ಮ ಫೋನು?" ಅಂದೆ. ನಾನು "ಬ್ಲೌಸಿನವ್ರು" ಅಂದೆ. ಕಾಲರ್ ಕೂರಿಸಿ ಮುಗಿಸಿದೆ. ನೀನು ಈಗ ಹಾಕಿಕೊಳ್ಳುತ್ತಿರುವ ಯೂನಿಫಾರಮ್ಮಿನ ಕಾಲರ್ ಅದು.

ಯಾಕೆ ಬೇಡ ಅಂದೆ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ನರ್ಸ್ ಆದರೆ ಎಲ್ಲಿ ಹೋದರೂ ಕೆಲಸ ಇದೆ ಎಂಬ ಲೆಕ್ಕ ಇತ್ತು. ಎರಡು ದಿನ ಬಾಗಿಲು ಹಾಕಿಕೊಂಡು ಅತ್ತವಳು ಈಗ ತಾನೇ ಸುಧಾರಿಸಿದ್ದಾಳೆ, ಮತ್ತೆ ಎಲ್ಲವನ್ನೂ ಕದಡುವುದು ಬೇಡ ಎಂದೂ ಇತ್ತು. ಆದರೆ ನಿಜವಾಗಿ, ಅದು ಅಷ್ಟು ದೊಡ್ಡ ವಿಷಯ ಎಂದು ನನಗೆ ಅನಿಸಿರಲೇ ಇಲ್ಲ. ಚಿತ್ರ ಬರೆಯುವುದು ಅಂದರೆ ಹೊತ್ತು ಹೋಗದವರು ಮಾಡುವ ಕೆಲಸ ಎಂದುಕೊಂಡಿದ್ದೆ. ಹೊಲಿಗೆ ಬಟ್ಟೆ ಮಡಚಿಟ್ಟ ಹಾಗೆ ನಿನ್ನಿಂದ ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಏನನ್ನು ತೆಗೆದಿಟ್ಟೆ ಎಂದು ತಿಳಿದದ್ದು ಪಿತೃಪಕ್ಷದಲ್ಲಿ, ನಿನ್ನದೇ ಟ್ಯಾಬಿನಲ್ಲಿ.

ತಿಳಿದ ದಿನವೇ ಹೇಳಬಹುದಿತ್ತು. ದೀಪಾವಳಿಗೆ ನೀನು ಎದುರಿಗೇ ಇದ್ದೆ. ಹೇಳಲಿಲ್ಲ. ನೀನು ನನ್ನ ಜೊತೆ ಮಾತು ಬಿಡುತ್ತೀಯ ಎಂಬ ಭಯ. ಅದರ ಜೊತೆ ಇನ್ನೊಂದು ಇತ್ತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಹೇಳಿದರೆ ನೀನು ಟ್ಯಾಬ್ ವಾಪಸ್ ಕೇಳುತ್ತೀಯ ಎಂದೂ ಭಯ ಇತ್ತು. ಹೆತ್ತವಳಿಗೆ ಇಂಥ ಯೋಚನೆ ಬರಬಹುದಾ? ಬಂತು.

ಅಪ್ಪನಿಗೆ ಹೇಳಿದ್ದು ಹೋದ ಗುರುವಾರ. ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು. "ನಂಗ್ಯಾಕೆ ಹೇಳ್ತೀಯ, ಅವ್ಳಿಗೆ ಹೇಳು" ಅಂದರು. ಅಷ್ಟೇ. ಆಮೇಲೆ ನನ್ನ ಜೊತೆ ಹೆಚ್ಚು ಮಾತಿಲ್ಲ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ನಿನಗಿಂತ ಮೊದಲು ಅವರಿಗೆ ಹೇಳುವುದು ಸರಿಯಲ್ಲ ಅನಿಸಿತು. ನಾಳೆ ಪಾರ್ಸಲ್ ಪೋಸ್ಟಿಗೆ ಹಾಕಿ ನೇರ ಅವರ ಮನೆಗೆ ಹೋಗುತ್ತೇನೆ. ಅವರು ಬೇಡ ಎಂದು ಕಳಿಸಿದ ಆ ಇಬ್ಬರು ಮಕ್ಕಳ ಮನೆಗೂ ಹೋಗಬೇಕಾದರೆ ಹೋಗುತ್ತೇನೆ.

ಶುಕ್ರವಾರ ಆ ಕಾಲೇಜಿಗೆ ಫೋನ್ ಮಾಡಿದೆ. ಈ ವರ್ಷವೂ ಅರ್ಜಿ ಹಾಕಬಹುದಂತೆ, ವಯಸ್ಸಿನ ಅಡ್ಡಿ ಇಲ್ಲವಂತೆ. ಅದನ್ನು ಹೇಳಿ ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳುತ್ತಿಲ್ಲ. ನೀನು ನರ್ಸಿಂಗನ್ನೇ ಮುಗಿಸುವೆಯೋ, ಬಿಡುವೆಯೋ, ಏನು ಮಾಡಿದರೂ ಈ ಸಲ ಉತ್ತರ ಹೇಳುವವಳು ನೀನೇ. ಕಾಲೇಜಿನವರ ಹತ್ತಿರ ನಿನ್ನ ಹೆಸರಿನ ಮುಂದೆ ನನ್ನ ನಂಬರ್ ತೆಗೆಸಿ ನಿನ್ನದನ್ನೇ ಬರೆಸಿದ್ದೇನೆ. ಆದರೆ ಇಷ್ಟು ಮಾತ್ರ ಗೊತ್ತಿರಲಿ. ನಿನಗೆ ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರ ಸಲಹೆಯೂ ತಪ್ಪಾಗಿರಲಿಲ್ಲ. ಬೇಡ ಅಂದದ್ದು ನಾನೊಬ್ಬಳೇ.

ಬರುವ ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನಿಮ್ಮ ಹಾಸ್ಟೆಲಿನ ಗೇಟಿನ ಹೊರಗೆ ಕಲ್ಲುಬೆಂಚು ಇದೆಯಲ್ಲ, ಅಲ್ಲಿ ಕೂತಿರುತ್ತೇನೆ. ನೀನು ಇಳಿದು ಬರಲೇಬೇಕು ಎಂದೇನಿಲ್ಲ. ಎರಡೂವರೆಗೆ ವಾಪಸ್ ಬಸ್ಸು. ಬರದಿದ್ದರೆ ಟ್ಯಾಬನ್ನು ವಾಚ್‌ಮನ್ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಪೆನ್ನು, ಅಪ್ಪ ತಂದ ಹೊಸ ಚಾರ್ಜರು ಎಲ್ಲ ಅದರ ಜೊತೆಗಿದೆ.

ನಿನ್ನ ಚಿತ್ರಗಳು ಇದ್ದ ಹಾಗೇ ಇವೆ, ಒಂದನ್ನೂ ಮುಟ್ಟಿಲ್ಲ. ಅವುಗಳ ಕೆಳಗೆ ನನ್ನವು ಐವತ್ತಾರು ಇವೆ. ಅಳಿಸಿ ಕೊಡೋಣ ಎಂದು ನಿನ್ನೆ ಕೂತೆ, ಕೈ ಬರಲಿಲ್ಲ. ಬೇಡವಾದರೆ ನೀನೇ ಅಳಿಸು. ಅಳಿಸುವ ಮೊದಲು ಒಂದು ಸಲ ನೋಡು ಎಂದು ಕೇಳುವ ಮುಖ ನನಗಿಲ್ಲ.